ಸಣ್ಣ ಟೈಮರ್, ದೊಡ್ಡ ಟೈಮರ್: ಆಟದಿಂದ ಶೆಡ್ಯೂಲಿಂಗ್ ಕಲಿಯೋಣ

ಆಪರೇಷನ್ಸ್ ಪೇಪರ್‌ನಲ್ಲಿ ಶೆಡ್ಯೂಲಿಂಗ್ (ಯಾವ ಕೆಲಸ ಯಾವಾಗ ಎಂದು ಹೊಂದಿಸುವುದು) ಪಾಠ ಓದುತ್ತಿರುವ, ಮುಂಬೈ ಆಸುಪಾಸಿನ ಡೊಂಬಿವಲಿ, ಮಾಟುಂಗ ಕಡೆಯ ನಮ್ಮ ಗೆಳೆಯರಿಗಾಗಿ ಈ ಟಿಪ್ಪಣಿ. ಪುಸ್ತಕದಲ್ಲಿ ಉದಾಹರಣೆಗಳೆಲ್ಲ ಲೇತ್ ಮತ್ತು ಡ್ರಿಲ್ಲಿಂಗ್ ಮೆಷಿನ್‌ಗಳದ್ದು. ನಮ್ಮಲ್ಲಿ ಲೇತ್ ಕಂಡವರು ಕಡಿಮೆ, ಹೇ ಡೇ ಎಂಬ ಬೇಸಾಯದ ಫೋನ್ ಆಟ ಆಡದವರು ಇನ್ನೂ ಕಡಿಮೆ. ಹಾಗಾಗಿ ಆಟದಿಂದಲೇ ಶುರು ಮಾಡೋಣ.

ಹೇ ಡೇಯಲ್ಲಿ ಗೋಧಿ 2 ನಿಮಿಷಕ್ಕೆ ಕೊಯ್ಲಿಗೆ ಬರುತ್ತದೆ. ಕಬ್ಬಿಗೆ 30 ನಿಮಿಷ ಬೇಕು, ಕುಂಬಳಕಾಯಿಗೆ 3 ಗಂಟೆ. ವಾರ್‌ಫ್ರೇಮ್ ಎಂಬ ಯುದ್ಧದ ಆಟದ ಫೌಂಡ್ರಿಯಲ್ಲಿ (ಸಾಮಾನು ತಯಾರಿಸುವ ಕಡೆ) ಒಂದು ವಾರ್‌ಫ್ರೇಮ್, ಅಂದರೆ ಯುದ್ಧಕವಚ, ತಯಾರಾಗಲು 3 ದಿನ. ಇಷ್ಟು ಬೇರೆ ಬೇರೆ ಅವಧಿಯ ಕೆಲಸಗಳಲ್ಲಿ ಯಾವುದನ್ನು ಯಾವಾಗ ಹಾಕಬೇಕು? ‘ಗಂಟೆಗೆ ಯಾವುದರಲ್ಲಿ ಲಾಭ ಜಾಸ್ತಿಯೋ ಅದನ್ನು’ ಅಂತ ಎಲ್ಲರೂ ಹೇಳುತ್ತಾರೆ. ಈ ಉತ್ತರ ಅರ್ಧ ಮಾತ್ರ ಸರಿ.

ಟೈಮರ್ ನೋಡಬೇಡಿ, ನಿಮ್ಮ ಬಿಡುವು ನೋಡಿ

ಲೆಕ್ಕಕ್ಕೆ ಒಂದು ಆಟ ಊಹಿಸಿಕೊಳ್ಳಿ. ಅದರಲ್ಲಿ 5 ನಿಮಿಷದ ಕೆಲಸಕ್ಕೆ 10 ನಾಣ್ಯ, 8 ಗಂಟೆಯ ಕೆಲಸಕ್ಕೆ 200 ನಾಣ್ಯ. ಗಂಟೆಯ ಲೆಕ್ಕದಲ್ಲಿ ಸಣ್ಣದಕ್ಕೆ 120, ದೊಡ್ಡದಕ್ಕೆ 25. ಸಣ್ಣದೇ ಗೆದ್ದಿತು, ಅಲ್ವಾ? ಆದರೆ ಆ 120 ಸಿಗಬೇಕಾದರೆ ಐದೈದು ನಿಮಿಷಕ್ಕೆ ಫೋನ್ ತೆಗೆದು ಕೆಲಸ ಮತ್ತೆ ಹಾಕುತ್ತಲೇ ಇರಬೇಕು. ಗಂಟೆಗೊಮ್ಮೆ ನೋಡುವವರಿಗೆ ಅದೇ ಕೆಲಸದಿಂದ ಗಂಟೆಗೆ 10 ನಾಣ್ಯ ಮಾತ್ರ. ಉಳಿದ 55 ನಿಮಿಷ ಸ್ಲಾಟ್ (ಕೆಲಸ ಹಾಕುವ ಜಾಗ) ಸುಮ್ನೆ ಖಾಲಿ ಬಿದ್ದಿರುತ್ತದೆ. ಎರಡೂ ಸಮ ಆಗುವುದು 24 ನಿಮಿಷಕ್ಕೊಮ್ಮೆ ನೋಡಿದಾಗ. ಅದಕ್ಕಿಂತ ಬೇಗ ಬೇಗ ನೋಡುವುದಾದರೆ ಸಣ್ಣದು ಹಾಕಿ, ಇಲ್ಲದಿದ್ದರೆ ದೊಡ್ಡದು.

ಅಂದರೆ ಕೆಲಸದ ನಿಜವಾದ ಅವಧಿ ಟೈಮರ್ ಮುಗಿದಾಗ ಮುಗಿಯುವುದಿಲ್ಲ. ಅದಾದ ಮೇಲೆ ನೀವು ಮೊದಲ ಸಲ ಫೋನ್ ನೋಡಿದಾಗ ಮುಗಿಯುತ್ತದೆ. ಗಂಟೆಗೊಮ್ಮೆ ನೋಡುವವರಿಗೆ 1 ಗಂಟೆ 10 ನಿಮಿಷದ ಕೆಲಸ ಎಂದರೆ 2 ಗಂಟೆಯ ಕೆಲಸವೇ. ಎರಡು ಸಲ ಫೋನ್ ನೋಡುವ ನಡುವಿನ ಬಿಡುವಿಗಿಂತ ಸ್ವಲ್ಪವೇ ಉದ್ದ ಇರುವ ಕೆಲಸದಲ್ಲಿ ನಷ್ಟ ಅತಿ ಜಾಸ್ತಿ.

ನಮ್ಮ ದಿನಕ್ಕೆ ಇದನ್ನು ಹೊಂದಿಸೋಣ. ಬೆಳಿಗ್ಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ರೈಲು ಹತ್ತಿದರೆ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಒಂದು ಗಂಟೆಗೂ ಮೇಲೆ. ಆ ಹೊತ್ತಿನ ಗರ್ದಿಯಲ್ಲಿ ಜೇಬಿಗೆ ಕೈ ಹಾಕುವುದೇ ಕಷ್ಟ, ಫೋನ್ ತೆಗೆಯುವ ಮಾತಂತೂ ಇಲ್ಲ. ಆದ್ದರಿಂದ ಮನೆ ಬಿಡುವ ಮೊದಲು ಎರಡು, ಮೂರು ಗಂಟೆಯ ಕೆಲಸ ಹಾಕುವುದು ಸರಿ. ಸಂಜೆ ಸಿಎಸ್‌ಎಂಟಿಯಲ್ಲೇ ಹತ್ತಿ ಸೀಟು ಹಿಡಿದರೆ ಕಥೆ ಬೇರೆ. ಕೈಯಲ್ಲಿ ಫೋನ್, ಮುಂದೆ ಒಂದು ಗಂಟೆ. ಗೋಧಿ ಬಿತ್ತಲು ಇದೇ ಹೊತ್ತು. ಹೇ ಡೇಯಲ್ಲಿ ಬೆಳೆ ಯಾವುದೇ ಇರಲಿ, ಕೊಯ್ಯುವಾಗ ಕಣಜ ದೊಡ್ಡದು ಮಾಡುವ ಸಾಮಾನು ಸಿಗುವ ಅವಕಾಶ ಇರುತ್ತದೆ. 2 ನಿಮಿಷದ ಬೆಳೆಯಲ್ಲಿ ಆ ಅವಕಾಶ ಹೆಚ್ಚು ಸಲ ಬರುತ್ತದೆ. ಕಣಜ ತುಂಬದಂತೆ ನೋಡಿಕೊಳ್ಳಿ ಅಷ್ಟೇ, ಶುರುವಿನಲ್ಲಿ ಅದರಲ್ಲಿ ಹಿಡಿಯುವುದು 50 ಮಾತ್ರ.

ರಾತ್ರಿಯದ್ದು ಸುಲಭ. ಬೇಕರಿಯಲ್ಲಿ ಎರಡೇ ಸ್ಲಾಟ್ ಇದ್ದಾಗ 5 ನಿಮಿಷದ ಎರಡು ಬ್ರೆಡ್ ಹಾಕಿ ಮಲಗಿದರೆ ಹತ್ತು ನಿಮಿಷಕ್ಕೆ ಒಲೆ ಆರುತ್ತದೆ. ಮಲಗುವಾಗ ಇರುವುದರಲ್ಲಿ ಅತಿ ಉದ್ದದ್ದನ್ನೇ ಹಾಕಿ.

ಕ್ರಮ ಬದಲಾದರೆ ಏನಾಗುತ್ತದೆ

ಒಂದೇ ಮೆಷಿನ್, ಮೂರು ಕೆಲಸ: 5, 30, 60 ನಿಮಿಷ. ಚಿಕ್ಕದರಿಂದ ಶುರು ಮಾಡಿದರೆ ಅವು 5, 35, 95ನೇ ನಿಮಿಷಕ್ಕೆ ಮುಗಿಯುತ್ತವೆ, ಸರಾಸರಿ 45. ದೊಡ್ಡದರಿಂದ ಶುರು ಮಾಡಿದರೆ 60, 90, 95. ಸರಾಸರಿ 82ರ ಹತ್ತಿರ. ಕೊನೆಯದು ಮುಗಿಯುವ ಹೊತ್ತು ಒಂದೇ, ಆದರೆ ಚಿಕ್ಕದು ಮೊದಲು ಹಾಕಿದಾಗ ಸಾಮಾನು ಬೇಗ ಕೈಗೆ ಬರುತ್ತದೆ. ಡಬ್ಲ್ಯು. ಇ. ಸ್ಮಿತ್ 1956ರಲ್ಲಿ ಕೊಟ್ಟ ನಿಯಮದ ಸರಳ ರೂಪ ಇದು. ಎದುರಿಗೆ ಕೂತು ಆಡುವಾಗ ಇದೇ ಸರಿ.

ಮೆಷಿನ್ ಒಂದಕ್ಕಿಂತ ಹೆಚ್ಚಾದರೆ ಲೆಕ್ಕ ತಿರುಗುತ್ತದೆ. ಊರು ಕಟ್ಟುವ ಆಟ ಕ್ಲಾಶ್ ಆಫ್ ಕ್ಲಾನ್ಸ್‌ನಲ್ಲಿ ಇಬ್ಬರು ಬಿಲ್ಡರ್‌ಗಳಿದ್ದಾರೆ, ಒಂದು ದಿನದ ಎರಡು ಕೆಲಸ, ಎರಡು ದಿನದ ಒಂದು ಕೆಲಸ ಇದೆ ಎಂದುಕೊಳ್ಳಿ. ಸಣ್ಣವನ್ನು ಮೊದಲು ಹಂಚಿದರೆ ಎಲ್ಲ ಮುಗಿಯಲು 3 ದಿನ. ಎರಡನೆಯ ಬಿಲ್ಡರ್ ಕೊನೆಗೆ ಎರಡು ದಿನ ಸುಮ್ಮನೆ ಕೂರುತ್ತಾನೆ. ದೊಡ್ಡದನ್ನು ಒಬ್ಬನಿಗೆ ಮೊದಲೇ ಕೊಟ್ಟರೆ 2 ದಿನಕ್ಕೆ ಎಲ್ಲ ಮುಗಿಯಿತು. ಈ ‘ದೊಡ್ಡದು ಮೊದಲು’ ಕ್ರಮದಲ್ಲಿ ಹಿಡಿಯುವ ಸಮಯ, ಅತ್ಯುತ್ತಮ ಕ್ರಮದ ಸಮಯದ ಮೂರನೇ ನಾಲ್ಕು ಪಟ್ಟನ್ನು (4/3) ಎಂದೂ ಮೀರುವುದಿಲ್ಲ ಎಂದು ರೊನಾಲ್ಡ್ ಗ್ರಹಾಂ 1969ರಲ್ಲಿ ತೋರಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಸ್. ಎಂ. ಜಾನ್ಸನ್ ಅವರ 1954ರ ನಿಯಮ. ಪರೀಕ್ಷೆಗೂ ಇದು ಮುಖ್ಯ. ಒಂದು ಸಾಮಾನು ಮೊದಲು ಗಿರಣಿಗೆ, ಆಮೇಲೆ ಒಲೆಗೆ ಹೋಗಬೇಕು. ಸಾಮಾನು ‘ಕ’ಗೆ ಗಿರಣಿಯಲ್ಲಿ 10 ನಿಮಿಷ, ಒಲೆಯಲ್ಲಿ 60. ‘ಖ’ಗೆ ಗಿರಣಿಯಲ್ಲಿ 60, ಒಲೆಯಲ್ಲಿ 10. ‘ಕ’ ಮೊದಲು ಹೋದರೆ 10ನೇ ನಿಮಿಷಕ್ಕೇ ಒಲೆ ಹೊತ್ತುತ್ತದೆ. ಅದು 70ರವರೆಗೆ ಬೇಯುವಾಗ ಗಿರಣಿಯಲ್ಲಿ ‘ಖ’ ಮುಗಿದಿರುತ್ತದೆ, ಒಟ್ಟು 80 ನಿಮಿಷ. ‘ಖ’ ಮೊದಲು ಹೋದರೆ ಒಲೆ 60 ನಿಮಿಷ ಕಾಯುತ್ತದೆ, ಒಟ್ಟು 130. ಕೆಲಸ ಅಷ್ಟೇ, ಮೆಷಿನ್ ಅವೇ, ವ್ಯತ್ಯಾಸ 50 ನಿಮಿಷ! ನಿಯಮ ಹೀಗೆ: ಇರುವ ಎಲ್ಲ ಅವಧಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದು ಮೊದಲ ಮೆಷಿನ್‌ನದ್ದಾದರೆ ಆ ಸಾಮಾನನ್ನು ಸಾಲಿನ ಮುಂದಕ್ಕೆ, ಎರಡನೆಯದ್ದಾದರೆ ಸಾಲಿನ ಕೊನೆಗೆ ಹಾಕಿ. ಉಳಿದವಕ್ಕೂ ಹೀಗೇ.

ಸರಪಳಿ ಕೆಲಸ

ವಾರ್‌ಫ್ರೇಮ್‌ಗೆ ಬರೋಣ. ಸಾಮಾನ್ಯವಾಗಿ ನ್ಯೂರಾಪ್ಟಿಕ್ಸ್, ಚಾಸಿ, ಸಿಸ್ಟಮ್ಸ್ ಎಂಬ ಮೂರು ಭಾಗಗಳಿಗೆ ತಲಾ 12 ಗಂಟೆ. ಮೂರೂ ಒಟ್ಟಿಗೆ ನಡೆಯುತ್ತವೆ. ಮೂರೂ ಕೈಗೆ ಬಂದ ಮೇಲೆ 72 ಗಂಟೆಯ ದೊಡ್ಡ ಕೆಲಸ. ಎರಡು ಭಾಗ ಮಾತ್ರ ಹಾಕಿ ಮೂರನೆಯದನ್ನು ನಾಳೆಗೆ ಬಿಟ್ಟರೆ ಆ ಎರಡರ ಆತುರಕ್ಕೆ ಅರ್ಥವಿಲ್ಲ.

ಭಾನುವಾರ ಸಂಜೆ 7ಕ್ಕೆ ಭಾಗಗಳನ್ನು ಹಾಕಿದಿರಿ. ಸೋಮವಾರ ಬೆಳಿಗ್ಗೆ 7ಕ್ಕೆ, ಇನ್ನೂ ಮನೆಯಲ್ಲಿರುವಾಗಲೇ, ಅವು ಸಿದ್ಧ. ಕೂಡಲೇ ದೊಡ್ಡ ಕೆಲಸ ಹಾಕಿದರೆ ಗುರುವಾರ ಬೆಳಿಗ್ಗೆ 7ಕ್ಕೆ ಮುಗಿಯುತ್ತದೆ. ಅದೇ ಭಾನುವಾರ ರಾತ್ರಿ 9ಕ್ಕೆ ಹಾಕಿದರೆ? ಸೋಮವಾರ ಬೆಳಿಗ್ಗೆ 9ಕ್ಕೆ ನೀವು ಘಾಟ್ಕೋಪರ್ ಆಸುಪಾಸು ಯಾರದೋ ಬ್ಯಾಗಿಗೆ ಒರಗಿ ನಿಂತಿರುತ್ತೀರಿ. ರಾತ್ರಿ 9ಕ್ಕೆ ಮನೆಗೆ ಬಂದು ಹಾಕಿದರೆ ಗುರುವಾರ ರಾತ್ರಿ 9. ಶುರುವಿನ 2 ಗಂಟೆ ತಡ, ಕೊನೆಗೆ 14 ಗಂಟೆ ಆಯಿತು. ಒಂದಕ್ಕೊಂದು ಕಾಯುವ ಕೆಲಸಗಳಲ್ಲಿ ಅತಿ ಉದ್ದದ ಸರಪಳಿ ಹುಡುಕುವ ಕ್ರಿಟಿಕಲ್ ಪಾತ್ ಪಾಠದಲ್ಲಿ ಬಾಣಗಳನ್ನು ಬಿಡಿಸುವಾಗ ಕಾಣದ ವಿಷಯ ಇದು. ಅಲ್ಲಿ ಕೆಲಸಗಾರ ಯಾವಾಗಲೂ ಹಾಜರಿರುತ್ತಾನೆ.

ಜೆಮ್ (ಆಟದೊಳಗಿನ ರತ್ನ) ಕೊಟ್ಟು ಕಾಯುವ ಸಮಯ ಕಡಿಮೆ ಮಾಡುವವರಿಗೆ ಒಂದು ಮಾತು. ಕ್ಲಾಶ್ ಆಫ್ ಕ್ಲಾನ್ಸ್‌ನ ಹಳೆಯ ದರ 1 ಗಂಟೆಗೆ 20 ಜೆಮ್, 1 ದಿನಕ್ಕೆ 260, 1 ವಾರಕ್ಕೆ 1000. ಗಂಟೆ ಗಂಟೆಯಾಗಿ 24 ಗಂಟೆ ಕೊಂಡರೆ 480 ಆಗುತ್ತದೆ. ಸಣ್ಣ ಟೈಮರ್‌ಗೆ ಜೆಮ್ ಸುರಿಯುವುದು ದುಬಾರಿ, ಮತ್ತು ನಮ್ಮ ಚಡಪಡಿಕೆ ಜಾಸ್ತಿ ಇರುವುದೂ ಅಲ್ಲೇ. ಖರ್ಚು ಮಾಡಲೇಬೇಕು ಎನಿಸಿದರೆ ಮುಂದಿನ ಸರಪಳಿಯನ್ನೆಲ್ಲ ತಡೆದು ನಿಂತಿರುವ ಕೆಲಸಕ್ಕೆ ಮಾಡಿ.

ಗಡುವು ಇರುವ ಆಟಗಳದ್ದು ಬೇರೆ ಲೆಕ್ಕ. 2020ರ ಡಿಸೆಂಬರ್ 31ಕ್ಕೆ ನಿಂತುಹೋದ ಫೇಸ್‌ಬುಕ್‌ನ ಫಾರ್ಮ್‌ವಿಲ್‌ನಲ್ಲಿ ಹೊತ್ತಿಗೆ ಕೊಯ್ಯದ ಬೆಳೆ ಒಣಗಿಹೋಗುತ್ತಿತ್ತು. ಸ್ಟ್ರಾಬೆರಿಗೆ 4 ಗಂಟೆ, ಹಾಗಾಗಿ ಬೆಳಿಗ್ಗೆ ಬಿತ್ತಿ ರಾತ್ರಿ ಬರುವವರಿಗೆ ಅದು ಆಗಿಬರುತ್ತಿರಲಿಲ್ಲ. ಇಂಥ ಕಡೆ ಗಡುವು ಬೇಗ ಇರುವುದನ್ನು ಮೊದಲು ಮುಗಿಸುವ ಜಾಕ್ಸನ್ ನಿಯಮ ನೋಡಿ. ಅದರ ಲೆಕ್ಕಗಳು ಸುಲಭ, ಎರಡು ಮಾಡಿ ನೋಡಿದರೆ ಸಾಕು. ಜಾನ್ಸನ್ ನಿಯಮದ್ದನ್ನು ಮಾತ್ರ ಕನಿಷ್ಠ ಐದು ಸಾಮಾನು ಇಟ್ಟುಕೊಂಡು ಮಾಡಿ.