ಬಲ್ಬ್ ಬದಲಿಸೋ ಮುಂಚೆ ವೋಲ್ಟೇಜ್ ನೋಡಿ

ಹಾಸನದಿಂದ ಮಂಗಳೂರು ಕಡೆ ರಾತ್ರಿ ಹೊತ್ತು ಓಡಾಡೋರು ನಮ್ಮ ಗ್ಯಾರೇಜಿಗೆ ಬಂದ್ರೆ ಬಾಯಲ್ಲಿ ಮೊದಲು ಬರೋ ಮಾತು ಇದೇ, "ಅಣ್ಣಾ ಲೈಟೇ ಸಾಲ್ತಿಲ್ಲ, ಒಂದು ಒಳ್ಳೆ ಎಲ್‌ಇಡಿ ಹಾಕ್ಕೊಡಿ." ಶಿರಾಡಿ ಘಾಟಿಲಿ ಮಳೆ ಹೊಡೀತಿರತ್ತೆ, ಎದುರಿಂದ ಟ್ಯಾಂಕರ್ ಮೇಲೆ ಟ್ಯಾಂಕರ್, ರೋಡಿನ ಬಿಳಿ ಗೆರೆ ಎಲ್ಲೋ ಕಾಣತ್ತೆ ಎಲ್ಲೋ ಇಲ್ಲ, ಅವರ ಕಷ್ಟ ನಿಜವೇ. ಆದ್ರೆ ಎಂಟು ಹತ್ತು ವರ್ಷ ಆಗಿರೋ ಹ್ಯಾಚ್‌ಬ್ಯಾಕ್‌ಗಳಲ್ಲಿ ನಾನು ನೋಡಿರೋ ಹಾಗೆ ತುಂಬಾ ಸಲ ಬಲ್ಬಿಂದು ಏನೂ ತಪ್ಪಿರಲ್ಲ, ಅದಕ್ಕೆ ಹೊಟ್ಟೆ ತುಂಬಾ ಕರೆಂಟೇ ಸಿಗ್ತಿರಲ್ಲ.

ಹಳೇ ಸಣ್ಣ ಗಾಡಿಗಳಲ್ಲಿ ಕರೆಂಟ್ ಹೋಗೋ ದಾರಿ ನೋಡಿ. ಬ್ಯಾಟರಿಯಿಂದ ಫ್ಯೂಸ್ ಬಾಕ್ಸ್, ಅಲ್ಲಿಂದ ಡ್ಯಾಶ್‌ಬೋರ್ಡ್ ಒಳಗೆ ನುಗ್ಗಿ ಸ್ಟೀರಿಂಗ್ ಹತ್ರ ಇರೋ ಕಾಂಬಿನೇಷನ್ ಸ್ವಿಚ್, ಮತ್ತೆ ವಾಪಸ್ ಬಾನೆಟ್ ಒಳಗೆ ಬಂದು ಬಲ್ಬಿಗೆ ಸಿಕ್ಕಿಸೋ ಪ್ಲಗ್ ಅಂದ್ರೆ ಕಪ್ಲರ್, ಕೊನೆಗೆ ಬಾಡಿ ಅರ್ಥಿಂಗ್, ಅಂದ್ರೆ ಗಾಡಿಯ ಲೋಹದ ಮೈ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ. ಈ ಗಾಡಿಗಳಿಗೆ ಬರೋ ಎಚ್4 ಹ್ಯಾಲೊಜನ್ ಬಲ್ಬ್ ಅಂದ್ರೆ ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55 ವ್ಯಾಟ್, ಅಂದ್ರೆ ಒಂದೊಂದು ಬಲ್ಬೂ ನಾಲ್ಕೂವರೆ ಐದು ಆಂಪ್ ಎಳೆಯತ್ತೆ, ಎರಡೂ ಸೇರಿದ್ರೆ ಹತ್ತರ ಹತ್ರ. ಅಷ್ಟೂ ಕರೆಂಟ್ ಸಣ್ಣ ವೈರಲ್ಲಿ, ಸವೆದುಹೋಗಿರೋ ಸ್ವಿಚ್ ಪಾಯಿಂಟ್ ಮೇಲೆ ಹಾದು ಬರಬೇಕು. ಹೊಸದ್ರಲ್ಲಿ ಹೇಗೋ ನಡೆಯತ್ತೆ, ವರ್ಷ ಕಳೀತಾ ಪಾಯಿಂಟ್ ಕಪ್ಪಾಗತ್ತೆ, ಕಪ್ಲರ್ ಸಡಿಲ ಆಗತ್ತೆ, ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿಯತ್ತೆ, ಒಂದೊಂದು ಕಡೆ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರಿಹೋಗತ್ತೆ.

ಮಲ್ಟಿಮೀಟರ್ ಇದ್ರೆ ಇದನ್ನ ನೀವೇ ಮನೇಲಿ ನೋಡ್ಬಹುದು, ಇನ್ನೂರು ಮುನ್ನೂರು ರೂಪಾಯಿದೇ ಸಾಕು. ಇಂಜಿನ್ ಸ್ಟಾರ್ಟ್ ಮಾಡಿ, ಡಿಮ್ ಆನ್ ಮಾಡಿ, ಮೊದಲು ಬ್ಯಾಟರಿ ಟರ್ಮಿನಲ್ ಮೇಲೆ ಅಳೀರಿ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಚೆನ್ನಾಗಿದ್ರೆ 13.8 ವೋಲ್ಟ್ ಆಸುಪಾಸು ತೋರ್ಸತ್ತೆ. ಆಮೇಲೆ ಬಲ್ಬ್ ಉರೀತಿರೋವಾಗ್ಲೇ ಕಪ್ಲರ್ ಹಿಂದಿನಿಂದ ಮೀಟರ್ ಕಡ್ಡಿ ತೂರಿಸಿ ಅಳೀರಿ. ಕಪ್ಲರ್ ಬಿಚ್ಚಿ ಅಳೆದ್ರೆ ಪ್ರಯೋಜನ ಇಲ್ಲ, ಲೋಡ್ ಇಲ್ದೇ ಇದ್ರೆ ಹಾಳಾಗಿರೋ ವೈರೂ ಪೂರ್ತಿ ವೋಲ್ಟೇಜ್ ತೋರ್ಸತ್ತೆ. ಎಷ್ಟೋ ಗಾಡಿಲಿ ಅಲ್ಲಿ 12.1, 12.2 ಬರತ್ತೆ. ಒಂದೂವರೆ ವೋಲ್ಟ್ ತಾನೇ ಅನ್ಸತ್ತೆ, ಆದ್ರೆ ಹ್ಯಾಲೊಜನ್ ಬಲ್ಬಲ್ಲಿ ವೋಲ್ಟೇಜ್ ಇಳಿದಷ್ಟೇ ಬೆಳಕು ಇಳಿಯಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಇಳಿಯತ್ತೆ, 13.8 ಇರಬೇಕಾದ ಕಡೆ 12.1 ಇದ್ರೆ ಬೆಳಕಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿಬಿಡತ್ತೆ. ಹಳದಿ ತಿರುಗಿದ ಮಂಕು ಲೈಟ್ ಅಂತೀರಲ್ಲ, ಅದು ಇದೇ.

ಮೊದಲು ಅರ್ಥಿಂಗ್ ನೋಡಿ, ಖರ್ಚಿಲ್ಲದ ಕೆಲಸ. ಹೆಡ್‌ಲೈಟ್ ಹತ್ರ ಬಾಡಿಗೆ ಬೋಲ್ಟ್ ಹಾಕಿರೋ ಅರ್ಥಿಂಗ್ ವೈರ್ ಬಿಚ್ಚಿ, ಸ್ಯಾಂಡ್ ಪೇಪರಲ್ಲಿ ಲೋಹ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಕರಾವಳಿ ಗಾಡಿಗಳಲ್ಲಂತೂ ಉಪ್ಪು ಗಾಳಿಗೆ ಈ ಜಾಗ ಮೊದಲು ಹೋಗತ್ತೆ.

ಅದಾದ್ಮೇಲೂ ವೋಲ್ಟೇಜ್ ಬರ್ಲಿಲ್ಲ ಅಂದ್ರೆ ರಿಲೇ ವೈರಿಂಗ್ ಕಿಟ್. ರಿಲೇ ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಪುಟ್ಟ ಸ್ವಿಚ್. ನನ್ನ ಕೇಳಿದ್ರೆ ಹಳೇ ಗಾಡಿಗೆ ಮಾಡೋ ಮಾಡಿಫಿಕೇಶನ್‌ಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಡಿಮ್ಮಿಗೊಂದು ಬ್ರೈಟಿಗೊಂದು ಎರಡು ರಿಲೇ. ರಿಲೇಲಿ 30ನೇ ಪಿನ್ನಿಗೆ ಫ್ಯೂಸ್ ಮೂಲಕ ನೇರ ಬ್ಯಾಟರಿಯಿಂದ ದಪ್ಪ ವೈರ್, 87 ರಿಂದ ಬಲ್ಬಿಗೆ, 85 ಮತ್ತು 86 ರಲ್ಲಿ ಒಂದಕ್ಕೆ ಹಳೇ ಸ್ವಿಚ್ ವೈರ್, ಇನ್ನೊಂದಕ್ಕೆ ಅರ್ಥಿಂಗ್. ಇನ್ನು ಮೇಲೆ ಸ್ವಿಚ್ಚಿನ ಕೆಲಸ ರಿಲೇಗೆ ಸಿಗ್ನಲ್ ಕೊಡೋದಷ್ಟೇ, ಅದು ಕಾಲು ಆಂಪೂ ಇರಲ್ಲ, ಹಾಗಾಗಿ ಕಾಂಬಿನೇಷನ್ ಸ್ವಿಚ್ ಸುಡೋ ಪ್ರಶ್ನೆನೇ ಬರಲ್ಲ. ಒಳ್ಳೆ ಕಿಟ್‌ನಲ್ಲಿ ಕಂಪನಿ ವೈರ್ ಒಂದೂ ಕಟ್ ಮಾಡ್ಬೇಕಿಲ್ಲ, ಹಳೇ ಕಪ್ಲರನ್ನ ಕಿಟ್ಟಿಗೆ ಚುಚ್ಚಿದ್ರೆ ಆಯ್ತು. ಫ್ಯೂಸ್ ಮಾತ್ರ ಬ್ಯಾಟರಿಗೆ ಆದಷ್ಟು ಹತ್ರ ಇರ್ಲಿ, ಮಧ್ಯೆ ಎಲ್ಲಾದ್ರೂ ವೈರ್ ಉಜ್ಜಿ ಶಾರ್ಟ್ ಆದ್ರೆ ಫ್ಯೂಸ್ ಹೋಗ್ಬೇಕೇ ಹೊರತು ಗಾಡಿಗೆ ಬೆಂಕಿ ಹತ್ಕೋಬಾರ್ದು. ಕೆಲವು ಗಾಡಿಗಳಲ್ಲಿ ಸ್ವಿಚ್ ನೆಗೆಟಿವ್ ಕಡೆ ಇರತ್ತೆ, ಅಲ್ಲಿ ಮಾಮೂಲಿ ಕಿಟ್ ಹಾಕಿದ್ರೆ ಸರಿಯಾಗಿ ಕೆಲಸ ಮಾಡಲ್ಲ, ಅಂಗಡೀಲಿ ಗಾಡಿ ಹೆಸರು ಮಾಡೆಲ್ ಹೇಳಿಯೇ ತಗೊಳ್ಳಿ. ಈಗಿನ ಗಾಡಿಗಳಲ್ಲಿ ಲೈಟನ್ನ ಕಂಪ್ಯೂಟರ್ ಮಾಡ್ಯೂಲ್ ನೋಡ್ಕೊಳ್ಳತ್ತೆ, ಅವಕ್ಕೆ ಈ ಕಿಟ್ ಬೇಡ.

ಇದನ್ನ ಬಿಟ್ಟು ಕೆಲವರು ಬೆಂಗಳೂರಿನ ಜೆ.ಸಿ. ರೋಡಿಂದ 100/90 ವ್ಯಾಟ್ ಬಲ್ಬ್ ತಂದು ಹಳೇ ವೈರಿಂಗಿಗೇ ಹಾಕ್ತಾರೆ. ಬ್ರೈಟಲ್ಲಿ ಹದಿನಾರು ಹದಿನೇಳು ಆಂಪ್, ಹತ್ತಕ್ಕೇ ಏದುಸಿರು ಬಿಡ್ತಿದ್ದ ವೈರದು, ಹೋಲ್ಡರ್ ಕರಗತ್ತೆ, ಒಳಗಿನ ರಿಫ್ಲೆಕ್ಟರ್ ಬಿಸಿಗೆ ಮಂಕಾಗತ್ತೆ, ಆಮೇಲೆ ಪೂರ್ತಿ ಹೆಡ್‌ಲೈಟೇ ಹೊಸದು ಬೇಕು. ದಯವಿಟ್ಟು ಹಾಕ್ಬೇಡಿ.

ಈಗ ಎಲ್‌ಇಡಿ ವಿಷಯ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿದ್ರೆ ಅದರ ಲೆನ್ಸ್, ರಿಫ್ಲೆಕ್ಟರ್ ಎಲ್ಲಾ ಅದಕ್ಕೇ ಅಂತ ಮಾಡಿರ್ತಾರೆ, ಅದು ಚೆನ್ನಾಗೇ ಇರತ್ತೆ. ತೊಂದರೆ ಹ್ಯಾಲೊಜನ್ ಜಾಗಕ್ಕೆ ಎಲ್‌ಇಡಿ ಬಲ್ಬ್ ತುರುಕಿದಾಗ. ಒಂದು ಎಚ್4 ಬಲ್ಬ್ ಕೈಲಿ ಹಿಡಿದು ನೋಡಿ (ಗಾಜು ಮುಟ್ಬೇಡಿ, ಕೈಯೆಣ್ಣೆ ಹತ್ತಿದ ಕಡೆ ಬಿಸಿ ಜಾಸ್ತಿಯಾಗಿ ಬಲ್ಬ್ ಬೇಗ ಹೋಗತ್ತೆ). ಒಳಗೆ ಎರಡು ಫಿಲಮೆಂಟ್ ಕಾಣತ್ತೆ, ಡಿಮ್ಮಿನ ಫಿಲಮೆಂಟ್ ಕೆಳಗೆ ಚಮಚದ ಥರ ಒಂದು ಪುಟ್ಟ ಲೋಹದ ಬಟ್ಟಲು. ಆ ಬಟ್ಟಲು ಬೆಳಕು ಕೆಳಗಡೆ ರಿಫ್ಲೆಕ್ಟರಿಗೆ ಬೀಳದ ಹಾಗೆ ತಡೆಯತ್ತೆ, ಅದರಿಂದಲೇ ಡಿಮ್ ಬೆಳಕು ಒಂದು ಗೆರೆಗಿಂತ ಮೇಲಕ್ಕೆ ಹೋಗದೆ ರೋಡ್ ಮೇಲೇ ಬೀಳೋದು. ಫಿಲಮೆಂಟ್ ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೂ ಲೆಕ್ಕ ಕೆಡತ್ತೆ. ಎಲ್‌ಇಡಿ ಬಲ್ಬಲ್ಲಿ ಚಿಪ್ ಇರೋದು ಅಕ್ಕಪಕ್ಕದ ಎರಡು ಮೈಮೇಲೆ, ಆಕಾರನೇ ಬೇರೆ, ಹಾಗಾಗಿ ಬೆಳಕು ಗಾಡಿ ಮುಂದೆ ಹತ್ತಡಿ ಧಗಧಗ ಅಂತ ಬಿದ್ದು ದೂರಕ್ಕೆ ಹೋಗಲ್ಲ, ಉಳಿದದ್ದು ಎದುರಿಗೆ ಬರೋರ ಕಣ್ಣಿಗೆ ಹೊಡಿಯತ್ತೆ. ಘಾಟಿ ತಿರುವಲ್ಲಿ ಬೈಕಲ್ಲಿ ಬರೋನಿಗೆ ಎರಡು ಸೆಕೆಂಡ್ ಏನೂ ಕಾಣದೇ ಇದ್ರೆ ಏನಾಗತ್ತೆ ಯೋಚ್ನೆ ಮಾಡಿ. ಕಾನೂನೂ ಇದೆ. ಕಣ್ಣು ಕುಕ್ಕೋ ಲೈಟ್ ಹಾಕಿದವರ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ವಿಶೇಷವಾಗಿ ಕೇಸ್ ಹಾಕೋಕೆ ಶುರು ಮಾಡಿದ್ರು, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಬೀಳಬಹುದು.

ವೋಲ್ಟೇಜ್ ಸರಿ ಇದ್ದೂ ಬೆಳಕು ಕಮ್ಮಿ ಅಂದ್ರೆ ಹೆಡ್‌ಲೈಟ್ ಮೇಲಿನ ಪ್ಲಾಸ್ಟಿಕ್ ಹಳದಿ ಆಗಿದೆಯಾ ನೋಡಿ. ಬಿಸಿಲಿಗೆ ಮೇಲಿನ ಕೋಟಿಂಗ್ ಸತ್ತುಹೋಗಿರತ್ತೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜೋ ವಿಡಿಯೋ ಎಲ್ಲರೂ ನೋಡಿರ್ತೀರಿ, ಹೊಳಪು ಬರತ್ತೆ, ಸ್ವಲ್ಪ ದಿನದಲ್ಲಿ ಮತ್ತೆ ಅದೇ ಕಥೆ. 800 ನಂಬರಿಂದ ಶುರು ಮಾಡಿ 2000, 3000 ನಂಬರಿನ ನಯವಾದ ವಾಟರ್ ಪೇಪರ್ ತನಕ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಯುವಿ ತಡೆಯೋ ಕ್ಲಿಯರ್ ಕೋಟ್ ಹೊಡಿಸಿದ್ರೇನೇ ಅದು ನಿಲ್ಲೋದು.

ಆಮೇಲೆ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೋರು, ಒಂದು ಸಲ ಅದರ ವೈರ್ ಎಲ್ಲಿಂದ ತಗೊಂಡಿದಾರೆ ಅಂತ ಚೆಕ್ ಮಾಡಿಸಿ. ಲೈಟ್ ವೈರಿನ ಮೈ ಸುಲಿದು ಸುತ್ತಿ ಟೇಪ್ ಹಾಕಿರೋದು ತುಂಬಾ ಇದೆ, ಎರಡು ಮಳೆಗಾಲಕ್ಕೆ ಆ ಜಾಯಿಂಟ್ ಒಳಗೆ ಹಸಿರು ಕಿಲುಬು ಕಟ್ಟಿರತ್ತೆ, ಅಲ್ಲೂ ವೋಲ್ಟೇಜ್ ಸೋರತ್ತೆ.

ಇಷ್ಟೆಲ್ಲಾ ಮಾಡಿ ಜನ ಬಿಡೋದು ಲೈಟ್ ಸೆಟ್ಟಿಂಗ್. ಹೆಡ್‌ಲೈಟ್ ಬಿಚ್ಚಿ ಹಾಕಿದ್ರೆ, ಬಂಪರ್ ರಿಪೇರಿ ಆದ್ರೆ, ಸ್ಪ್ರಿಂಗ್ ಬದಲಿಸಿದ್ರೆ ಇದನ್ನ ಮಾಡ್ಲೇಬೇಕು. ಸಮ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಟೈರಲ್ಲಿ ಗಾಳಿ ಸರಿ ಇರ್ಲಿ, ಬೆಳಕನ್ನ ಮೇಲೆ ಕೆಳಗೆ ಮಾಡೋ ಲೆವೆಲ್ ಡಯಲ್ ಸೊನ್ನೆಲಿ ಇರ್ಲಿ, ಡ್ರೈವರ್ ಸೀಟಲ್ಲಿ ಒಬ್ರು ಕೂತಿರ್ಲಿ. ಬಲ್ಬಿನ ಮಧ್ಯಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಗುರುತು ಹಾಕಿ, ಡಿಮ್ಮಿನ ಗೆರೆ ಅದಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರಿರತ್ತೆ, ಅದು ರೋಡಿನ ಪಕ್ಕದಲ್ಲಿ ನಡೆಯೋರು, ಬೋರ್ಡು ಕಾಣ್ಲಿ ಅಂತ. ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಿದಾಗ ಗಾಡಿ ಮೂತಿ ಮೇಲಕ್ಕೆತ್ತತ್ತೆ, ಆಗ ಡಯಲನ್ನ ಒಂದಕ್ಕೋ ಎರಡಕ್ಕೋ ತಿರುಗಿಸಿ ಬೆಳಕು ಕೆಳಗಿಳಿಸಿ. ಆ ಡಯಲ್ ಯಾಕಿದೆ ಅಂತ್ಲೇ ಎಷ್ಟೋ ಮಾಲೀಕರಿಗೆ ಯಾರೂ ಹೇಳಿರಲ್ಲ, ಗಾಡಿ ಕೊಡೋ ದಿನ ಶೋರೂಮಿನೋರು ಎರಡು ನಿಮಿಷ ಇದಕ್ಕೆ ಕೊಡ್ಬೇಕು ಅನ್ನೋದು ನನ್ನ ಆಸೆ.

ಸೆಟ್ಟಿಂಗಿಗೆ ಗ್ಯಾರೇಜಿಗೆ ಬರೋದಾದ್ರೆ ಸಂಜೆ ಆರೂವರೆ ಮೇಲೆ ಬನ್ನಿ, ಬಿಸಿಲಲ್ಲಿ ಗೋಡೆ ಮೇಲೆ ಆ ಗೆರೆ ಕಾಣಲ್ಲ.