ಬ್ಲಾಕ್ ದೊಡ್ಡದು ಮಾಡಿದರೆ ಸಾಕೇ?

ಬಿಟ್‌ಕಾಯಿನ್ ಸೆಕೆಂಡಿಗೆ ಸುಮಾರು 7 ವಹಿವಾಟು ನಡೆಸಬಲ್ಲದು ಅನ್ನುತ್ತಾರೆ. ಈ 7 ಎಲ್ಲಿಂದ ಬಂತು? ವಹಿವಾಟುಗಳನ್ನು ಕಟ್ಟು ಕಟ್ಟಾಗಿ ದಾಖಲಿಸುತ್ತಾರೆ, ಅಂಥ ಒಂದು ಕಟ್ಟೇ ಬ್ಲಾಕ್. ಹಳೆಯ ಮಿತಿಯಲ್ಲಿ ಒಂದು ಬ್ಲಾಕ್ ಅಂದರೆ 1 ಎಂಬಿ. ಒಂದು ವಹಿವಾಟಿಗೆ 250 ಬೈಟ್ ಅಂದುಕೊಂಡರೆ ಒಂದು ಬ್ಲಾಕಿನಲ್ಲಿ 4,000 ಹಿಡಿಸುತ್ತವೆ. ಬ್ಲಾಕ್ ಬರುವುದು ಸರಾಸರಿ 10 ನಿಮಿಷಕ್ಕೊಮ್ಮೆ. 4,000ವನ್ನು 600 ಸೆಕೆಂಡಿನಿಂದ ಭಾಗಿಸಿ, ಉತ್ತರ 7ರ ಹತ್ತಿರ ಬರುತ್ತದೆ.

ಹಾಗಾದರೆ ಬ್ಲಾಕನ್ನೇ ದೊಡ್ಡದು ಮಾಡಿದರೆ ಆಯ್ತಲ್ವಾ? 2017ರ ಆಗಸ್ಟ್‌ನಲ್ಲಿ ಬಿಟ್‌ಕಾಯಿನ್ ಕ್ಯಾಶ್ ಎಂಬ ಹೊಸ ನಾಣ್ಯ ಬಿಟ್‌ಕಾಯಿನ್‌ನಿಂದ ಬೇರೆಯಾಗಿದ್ದು ಇದೇ ವಾದದ ಮೇಲೆ. ಅದರ ಮಿತಿ ಮೊದಲು 8 ಎಂಬಿ ಇತ್ತು, ಮರುವರ್ಷ 32 ಎಂಬಿ ಆಯಿತು. ಆದರೆ ಪ್ರತಿ ಫುಲ್ ನೋಡ್, ಅಂದರೆ ಜಾಲಕ್ಕೆ ಸೇರಿ ಲೆಕ್ಕ ನೋಡುವ ಕಂಪ್ಯೂಟರ್, ಪ್ರತಿ ವಹಿವಾಟನ್ನೂ ತಾನೇ ಪರೀಕ್ಷಿಸಬೇಕು. 1 ಎಂಬಿ ಬ್ಲಾಕ್‌ಗಳು ತುಂಬಿ ಬಂದರೆ ವರ್ಷಕ್ಕೆ ಸುಮಾರು 52 ಜಿಬಿ. 32 ಎಂಬಿ ಆದರೆ 1.6 ಟಿಬಿಗೂ ಜಾಸ್ತಿ. ಮನೆಯ ಕಂಪ್ಯೂಟರಿನಲ್ಲಿ ನೋಡ್ ನಡೆಸುವವರು ಕೈಬಿಡುತ್ತಾ ಹೋದರೆ, ಪರೀಕ್ಷಿಸುವ ಕೆಲಸ ಕೆಲವೇ ದೊಡ್ಡವರ ಕೈ ಸೇರುತ್ತದೆ. ಯಾರನ್ನೂ ನಂಬದೆ ನಾವೇ ಪರೀಕ್ಷಿಸಬಹುದು ಅನ್ನೋದಕ್ಕೇ ಅಲ್ವಾ ಈ ಜಾಲ ಹುಟ್ಟಿದ್ದು? ಅದನ್ನು ಕಳೆದುಕೊಂಡು ವೇಗ ಪಡೆಯುವುದು ನನಗೆ ಒಪ್ಪಿಗೆಯಿಲ್ಲ.

2017ರ ಅದೇ ಆಗಸ್ಟ್‌ನಲ್ಲಿ ಬಿಟ್‌ಕಾಯಿನ್‌ಗೆ ಸೆಗ್ವಿಟ್ ಎಂಬ ಬದಲಾವಣೆ ಬಂತು. ವಹಿವಾಟಿನ ಡಿಜಿಟಲ್ ಸಹಿಯ ಡೇಟಾಗೆ ಮಿತಿಯ ಲೆಕ್ಕದಲ್ಲಿ ಕಡಿಮೆ ತೂಕ ಕೊಟ್ಟು ಒಂದಿಷ್ಟು ಜಾಗ ಮಾಡಿತು, ಅಷ್ಟೇ.

ಇನ್ನೊಂದು ದಾರಿ ಲೈಟ್ನಿಂಗ್, ಬಿಟ್‌ಕಾಯಿನ್ ಮೇಲೆ ಕಟ್ಟಿದ ಪಾವತಿ ಜಾಲ. ಇಬ್ಬರು ಸೇರಿ ಚೈನ್ ಮೇಲೆ, ಅಂದರೆ ಬ್ಲಾಕ್‌ಗಳ ಸರಪಳಿಯಲ್ಲಿ, ಒಂದು ವಹಿವಾಟಿನಿಂದ ಚಾನೆಲ್ ಎಂಬ ತಮ್ಮಿಬ್ಬರ ಖಾತೆ ತೆರೆಯುತ್ತಾರೆ. ಆಮೇಲೆ ಎಷ್ಟು ಸಲ ಹಣ ಕಳಿಸಿಕೊಂಡರೂ ಲೆಕ್ಕ ಅವರ ನಡುವೆಯೇ ಇರುತ್ತದೆ. ಮುಚ್ಚುವಾಗ ಮಾತ್ರ ಮತ್ತೆ ಚೈನ್‌ಗೆ ಬರುತ್ತಾರೆ. ಚೆನ್ನಾಗಿದೆ, ಆದರೆ ಒಂದು ಲೆಕ್ಕ ಮಾಡಿ. ಸೆಕೆಂಡಿಗೆ 7 ಅಂದರೆ ದಿನಕ್ಕೆ ಸುಮಾರು 6 ಲಕ್ಷ ವಹಿವಾಟು. 800 ಕೋಟಿ ಜನರಿಗೆ ಒಂದೊಂದಾಗಿ ಚಾನೆಲ್ ತೆರೆಯಲು, ಬೇರೇನೂ ಮಾಡದಿದ್ದರೂ, 36 ವರ್ಷ ಬೇಕು! ಹಾಗಾಗಿ ಕೆಳಗಿನ ಪದರದ, ಅಂದರೆ ಚೈನ್‌ನ, ಜಾಗವನ್ನು ಪೂರ್ತಿ ಮರೆಯುವಂತಿಲ್ಲ.

ಬಿಟ್‌ಕಾಯಿನ್‌ನಂಥದೇ ಇನ್ನೊಂದು ಜಾಲವಾದ ಎಥೀರಿಯಂ ಆರಿಸಿಕೊಂಡದ್ದು ರೋಲಪ್. ವಹಿವಾಟು ಮುಖ್ಯ ಚೈನ್‌ನ ಹೊರಗೆ ನಡೆಯುತ್ತದೆ, ಅದರ ಡೇಟಾ ಕುಗ್ಗಿ ಚೈನ್‌ಗೆ ಬರುತ್ತದೆ. 2024ರ ಮಾರ್ಚ್‌ನ ಡೆಂಕುನ್ ಅಪ್‌ಗ್ರೇಡ್ ಇದಕ್ಕೆಂದೇ ಬ್ಲಾಬ್ ಎಂಬ ಅಗ್ಗದ ಜಾಗ ಕೊಟ್ಟಿತು. ಬ್ಲಾಬ್‌ಗಳನ್ನು ನೋಡ್‌ಗಳು ಸುಮಾರು 18 ದಿನ ಇಟ್ಟುಕೊಂಡರೆ ಸಾಕು, ಆದ್ದರಿಂದ ಹೊರೆ ಬೆಳೆಯುತ್ತಾ ಹೋಗುವುದಿಲ್ಲ. ಈ ದಾರಿಯೇ ನನಗೆ ಹೆಚ್ಚು ಹಿಡಿಸಿದೆ. ಆದರೂ ಅನೇಕ ರೋಲಪ್‌ಗಳಲ್ಲಿ ವಹಿವಾಟುಗಳ ಸರದಿ ಹಾಕುವ ಸೀಕ್ವೆನ್ಸರ್ ಒಂದೇ ಸಂಸ್ಥೆಯದು. ಅದು ನಿಂತರೂ ನಮ್ಮ ಹಣವನ್ನು ಮುಖ್ಯ ಚೈನ್‌ಗೆ ವಾಪಸ್ ತರಬಹುದೇ ಎಂಬುದನ್ನು, ಯಾವ ರೋಲಪ್ ಓದಿದರೂ, ಮೊದಲು ಹುಡುಕಿ ನೋಡಿ.