ರಂಗೋಲಿ ಪುಡಿ ಯಾರ ಕೈಯಲ್ಲಿದೆ?

ಬಿಎಸ್ಸಿ ಕೃಷಿ ಕೊನೆಯ ವರ್ಷದ ಮಕ್ಕಳು ಹಳ್ಳಿಯಲ್ಲೇ ಉಳಿದು ಕಲಿಯಬೇಕು. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹೆಸರು. ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅದು ‘ರಾವೆ’. ಅದರಲ್ಲಿ ತಪ್ಪದೆ ಇರುವ ಕೆಲಸವೆಂದರೆ ಶಾಲೆ ಅಂಗಳದಲ್ಲೋ ಗುಡಿ ಮುಂದೆಯೋ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುವುದು.

ಎಷ್ಟೋ ಕಡೆ ಮಕ್ಕಳೇ ಹಿಂದಿನ ರಾತ್ರಿ ನಕ್ಷೆ ಬಿಡಿಸಿ ಮುಗಿಸಿರುತ್ತಾರೆ. ಬೆಳಗ್ಗೆ ಊರಿನವರು ಸುತ್ತ ಕೈಕಟ್ಟಿ ನಿಲ್ಲುತ್ತಾರೆ, ಫೋಟೊ ಆಗುತ್ತದೆ, ಅಂಕ ಬೀಳುತ್ತದೆ. ಊರಿಗೆ ಸಿಕ್ಕಿದ್ದೇನು? 1980ರ ದಶಕದ ಕೊನೆಗೆ ಮೈರಾಡದಂಥ ಗ್ರಾಮಾಭಿವೃದ್ಧಿ ಸಂಸ್ಥೆಗಳು ಈ ಪದ್ಧತಿಯನ್ನು ನಮ್ಮ ಹಳ್ಳಿಗಳಲ್ಲೇ ಬೆಳೆಸಿದ್ದು ಊರಿನವರ ಕೈಗೆ ಪುಡಿ ಕೊಡೋಕೆ, ಪ್ರದರ್ಶನಕ್ಕಲ್ಲ.

ಹಾಗಾಗಿ ನಾನು ಮಕ್ಕಳಿಗೆ ಹೇಳುವುದಿಷ್ಟೆ: ಪುಡಿ ಕೊಟ್ಟು ಸುಮ್ನೆ ಕೂತ್ಕೊಳ್ಳಿ. ಗಂಡಸರು ಸಾಮಾನ್ಯವಾಗಿ ಟಾರು ರಸ್ತೆ, ಗುಡಿ, ಪಂಚಾಯಿತಿ ಕಟ್ಟಡದಿಂದ ಶುರು ಮಾಡುತ್ತಾರೆ. ಹೆಂಗಸರಿಗೆ ಬೇರೆ ಜಾಗ ಕೊಟ್ಟರೆ ಮೊದಲು ನಲ್ಲಿ, ಆಮೇಲೆ ಉರಿಯದ ಬೀದಿದೀಪದ ಕಂಬ. ಒಂದೂರಲ್ಲಿ ಹುಡುಗನೊಬ್ಬ ಕೈಪಂಪಿನ ಗುರುತು ಹಾಕಿದ. ಅಜ್ಜಿಯೊಬ್ಬರು ಅದನ್ನು ಕಾಲಲ್ಲೇ ಅಳಿಸಿದರು: “ಕೆಟ್ಟು ಯುಗಾದಿಗೆ ವರ್ಷ ಆಗ್ತದೆ ಮಗ, ಇಲ್ಲದ್ದನ್ನ ಯಾಕೆ ಬರೀತೀಯ?” ಅಲ್ಲಿಂದ ಚರ್ಚೆ ಎಲ್ಲ ನೀರಿನದ್ದೇ ಆಯಿತು. ಎರಡು ನಕ್ಷೆ ಅಕ್ಕಪಕ್ಕ ಇದ್ದರೆ ವಾದ ತಾನಾಗೇ ಹುಟ್ಟುತ್ತದೆ. ಕೆಲಸ ಶುರುವಾಗುವುದೇ ಆಗ.

ಹುಡುಗರು ಕಲಿಸಬಾರದು ಅಂತಲ್ಲ. ಹಿಂಗಾರಿ ಕಡಲೆ ಬಿತ್ತುವ ಮುಂಚೆ ಮನೆ ಬೀಜದಲ್ಲಿ 100 ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಮೊಳಕೆ ಎಣಿಸಿ ತೋರಿಸಲಿ. 85 ಬಂದರೆ ಚಿಂತೆಯಿಲ್ಲ. ಕಮ್ಮಿಯಾದರೆ ಬೀಜದ ಪ್ರಮಾಣ ಹೆಚ್ಚಿಸಬೇಕು, ತೀರಾ ಕಮ್ಮಿಯಾದರೆ ಬೀಜವನ್ನೇ ಬದಲಿಸಬೇಕು. ಇಂಥದ್ದಕ್ಕೆ ರೈತರು ಖಂಡಿತ ಕಿವಿಗೊಡುತ್ತಾರೆ. ಭಾಷಣಕ್ಕೆ ಅಷ್ಟಕ್ಕಷ್ಟೆ.

ನಕ್ಷೆಯ ಕತೆ ಅಲ್ಲಿಗೇ ಮುಗಿಯಬಾರದು. ಸಂಜೆಯೊಳಗೆ ದನಕರು ತುಳಿದು ಅಳಿಸುತ್ತವೆ. ಅಷ್ಟರಲ್ಲಿ ಚಾರ್ಟ್ ಶೀಟಿಗೆ ಎರಡು ಪ್ರತಿ ಇಳಿಸಬೇಕು. ಕಾಲೇಜಿಗೆ ಒಂದು ಸಾಕು, ಇನ್ನೊಂದು ಊರಲ್ಲೇ ಇರಲಿ. ನಕ್ಷೆಯಲ್ಲಿ ಕಂಡ ಬೇಡಿಕೆ ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮಸಭೆಗೆ ಹೋಗಬೇಕು. ಅರ್ಜಿ ಬರೆಯಲು ಹುಡುಗರು ನೆರವಾಗಲಿ, ಆದರೆ ಸಭೆಯಲ್ಲಿ ಎದ್ದು ಕೇಳುವವರು ಊರಿನ ಹೆಂಗಸರೇ ಆಗಿರಲಿ. ಬೇಡಿಕೆ ನಡಾವಳಿ ಪುಸ್ತಕದಲ್ಲಿ ದಾಖಲಾಯಿತಾ ಅಂತ ಅಲ್ಲೇ ನೋಡಿಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆ ಮುಂದಿನ ಸಭೆ ಹೊತ್ತಿಗೆ ಯಾರಿಗೂ ನೆನಪಿರಲ್ಲ.

ಇನ್ನೊಂದು ಮಾತು ನಮ್ಮ ಕಾಲೇಜುಗಳಿಗೆ. ವರ್ಷಕ್ಕೊಂದು ಹೊಸ ಊರು ಹುಡುಕುವ ಚಾಳಿ ಬಿಡೋಣ. ಮುಂದಿನ ತಂಡ ಅದೇ ಊರಿಗೆ ಹೋಗಲಿ. ಹೊಸ ನಕ್ಷೆಗೆ ಮುಂಚೆ ಪಂಚಾಯಿತಿಗೆ ಹೋಗಿ, ಹೋದ ವರ್ಷದ ನಡಾವಳಿ ತೆಗೆಸಿ, ಆ ಕೈಪಂಪು ರಿಪೇರಿ ಆಯಿತಾ ಅಂತ ಕೇಳಲಿ.